ಗೋಡೆಗೆ ಬೂಷ್ಟು ಬಂದ್ರೆ ಒರೆಸೋ ಬಟ್ಟೆ ಆಮೇಲೆ, ಮೊದ್ಲು ನೀರು ಹುಡುಕಿ

ಹೋದ್ ವರ್ಷ ಆಗಸ್ಟ್‌ನಲ್ಲಿ ನನ್ ಮಗಳಿಗೆ ಒಂದು ಕೆಮ್ಮು ಶುರುವಾಯ್ತು ನೋಡಿ, ಮೂರು ಸಿರಪ್ ಬದಲಾಯಿಸಿದ್ರೂ ಹೋಗ್ಲಿಲ್ಲ. ಹಗಲೆಲ್ಲಾ ಸ್ಕೂಲಲ್ಲಿ ಆರಾಮಾಗಿರೋಳು, ರಾತ್ರಿ ರೂಮಿಗೆ ಬಂದು ಮಲಗಿದ್ ಅರ್ಧ ಗಂಟೆಗೆ ಕೆಮ್ಮು. ನಾನು ಪಾಪ ಅಂತ ರಾತ್ರಿಯಿಡೀ ಹಬೆ ಬಿಡೋ ವೇಪರೈಸರ್ ಬೇರೆ ಹಚ್ಚಿಡ್ತಿದ್ದೆ. ಆಮೇಲೆ ತೀರ್ಥಹಳ್ಳಿಯಿಂದ ಅಮ್ಮ ಬಂದ್ರು, ರೂಮಿಗೆ ಕಾಲಿಟ್ಟ ಕೂಡ್ಲೇ ಮೂಗು ಹಿಡ್ಕೊಂಡು "ಏನೇ ಇದು, ಮಳೆಗಾಲದ ಉಗ್ರಾಣದ್ ತರ ಮುಗ್ಗಲು ವಾಸ್ನೆ ಹೊಡೀತಿದೆ, ನಿಂಗೆ ಗೊತ್ತಾಗ್ತಿಲ್ವಾ?" ಅಂದ್ರು. ನಿಜವಾಗ್ಲೂ ಗೊತ್ತಾಗ್ತಿರ್ಲಿಲ್ಲ, ದಿನಾ ಅಲ್ಲೇ ಇರೋರಿಗೆ ಮೂಗು ಒಗ್ಗಿ ಹೋಗಿರತ್ತೆ. ವಾರ್ಡ್‌ರೋಬ್ ಎಳೆದು ನೋಡಿದ್ರೆ ಹಿಂದಿನ ಗೋಡೆ ಮೊಣಕಾಲೆತ್ತರದವರೆಗೂ ಕಪ್ಪುಕಪ್ಪು, ಮ್ಯಾಪ್ ಬರೆದಂಗೆ.

ಇದ್ರಲ್ಲಿ ನಾಚಿಕೆ ವಿಷ್ಯ ಏನಂದ್ರೆ ಅದೇ ಗೋಡೆ ಮೂಲೇನ ನಾನು ಅದಕ್ಕೆ ಮುಂಚೆ ಎರಡು ಸಲ ಫಿನೈಲ್ ಹಾಕಿ ಒರೆಸಿದ್ದೆ. ಹದಿನೈದು ದಿನಕ್ಕೆ ವಾಪಸ್ ಬರ್ತಿತ್ತು, ನಾನು ಫಿನೈಲ್ ಸರಿಯಿಲ್ಲ ಅಂದ್ಕೊಂಡೆ. ಬೂಷ್ಟಿನ ಬೀಜ ಅಂತೀವಲ್ಲ, ಸ್ಪೋರ್, ಅದು ಗಾಳೀಲಿ ಎಲ್ಲಾ ಕಡೆ ಇದೆ, ನಿಮ್ಮನೇಲೂ ಇದೆ ನಮ್ಮನೇಲೂ ಇದೆ, ಅದನ್ನ ಪೂರ್ತಿ ಓಡಿಸೋಕೆ ಯಾರಿಂದ್ಲೂ ಆಗಲ್ಲ. ಅದಕ್ಕೆ ಊಟ ಬೇಕಲ್ವಾ ಅಂದ್ರೆ ಪೇಂಟು, ಧೂಳು, ಪ್ಲೈವುಡ್ಡು, ಚಪ್ಪಲಿ ಚರ್ಮ ಎಲ್ಲಾ ಊಟಾನೇ. ಅದರ ಕೈಗೆ ಸಿಗದೇ ಇರೋ ಹಾಗೆ ನಾವು ಮಾಡಬಹುದಾದ ಒಂದೇ ಒಂದು ವಸ್ತು ನೀರು. ಒದ್ದೆಯಾದ ಜಾಗ 24ರಿಂದ 48 ಗಂಟೆ ಒಳಗೆ ಒಣಗಿದ್ರೆ ಸಾಮಾನ್ಯವಾಗಿ ಬೂಷ್ಟು ಬರಲ್ಲ, ಒಣಗ್ಲಿಲ್ಲ ಅಂದ್ರೆ ನೀವು ಯಾವ ಕೆಮಿಕಲ್ ಹಾಕಿದ್ರೂ ಅದು ಬರತ್ತೆ. ಅದಕ್ಕೇ ಕೆಳಗಡೆ ಬರೆದಿರೋ ಆರ್ಡರ್‌ನಲ್ಲೇ ಮಾಡಿ, ಒರೆಸೋದು ಮೊದ್ಲಲ್ಲ.

ಮೊದಲ್ನೇ ಕೆಲಸ, ಅದು ಬೂಷ್ಟೇ ಹೌದಾ ನೋಡಿ

ಗೋಡೆ ಕೆಳಭಾಗದಲ್ಲಿ ಬಿಳೀ ಪುಡಿಪುಡಿಯಾಗಿ ಬಂದಿದ್ರೆ ಅದು ಬೂಷ್ಟಲ್ಲದೇ ಇರಬಹುದು, ಇಟ್ಟಿಗೆ ಸಿಮೆಂಟಿನ ಒಳಗಿರೋ ಉಪ್ಪು ಹೊರಗೆ ಬರೋದು. ಸ್ವಲ್ಪ ನೀರು ಚಿಮುಕ್ಸಿ, ಉಪ್ಪಾದ್ರೆ ಕರಗಿ ಮಾಯ ಆಗತ್ತೆ, ಬೂಷ್ಟಾದ್ರೆ ಒದ್ದೆಯಾಗಿ ಮುದ್ದೆಯಾಗತ್ತೆ ಅಷ್ಟೆ, ವಾಸನೇನೂ ಇರತ್ತೆ. ಉಪ್ಪು ಅಂತ ಖುಷಿ ಪಡಬೇಡಿ ಮತ್ತೆ, ಉಪ್ಪು ಬಂದಿದೆ ಅಂದ್ರೆ ಗೋಡೆ ಒಳಗೆ ನೀರು ಓಡಾಡ್ತಿದೆ ಅಂತಾನೇ ಅರ್ಥ, ಇವತ್ತು ಉಪ್ಪು ನಾಳೆ ಬೂಷ್ಟು.

ಕಪ್ಪು, ಹಸಿರು, ಬಿಳಿ, ಗುಲಾಬಿ ಅಂತ ಬಣ್ಣ ನೋಡಿ ಯಾವ ಜಾತಿ ಅಂತ ಹೇಳೋಕೆ ಆಗಲ್ಲ. ಕಪ್ಪು ಬೂಷ್ಟು ಅಂದ್ರೆ ಮಹಾವಿಷ ಅಂತ ಹೆದರಿಸೋ ವಿಡಿಯೋಗಳು ಬೇಕಾದಷ್ಟಿವೆ. ನಮ್ ಮನೆಗಳ ಒಳಗೆ ಮಾಮೂಲಾಗಿ ಸಿಗೋದು ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೋಸ್ಪೋರಿಯಂ ಇಂಥವು, ಯಾವ್ದೇ ಆದ್ರೂ ಮಾಡಬೇಕಾದ ಕೆಲಸ ಒಂದೇ. ಕಣ್ಣಿಗೆ ಕಾಣ್ತಿರುವಾಗ ದುಡ್ಡು ಕೊಟ್ಟು ಗಾಳಿ ಟೆಸ್ಟ್ ಮಾಡ್ಸೋದು ವೇಸ್ಟು, ಆ ದುಡ್ಡಲ್ಲಿ ಪ್ಲಂಬರ್ ಕರೆಸಿ.

ಎರಡ್ನೇದು, ನೀರಿನ ದಾರಿ

ಇದೇ ಅಸಲಿ ಕೆಲಸ, ಇದಕ್ಕೆ ಒಂದು ವಾರ ಹಿಡಿದ್ರೂ ಪರ್ವಾಗಿಲ್ಲ. ನೀರು ಗೋಡೆಗೆ ಬರೋಕೆ ನಾಲ್ಕೇ ದಾರಿ: ಪೈಪ್ ಲೀಕು, ಹೊರಗಿನ ಮಳೆ, ನೆಲದಿಂದ ಮೇಲಕ್ಕೆ ಎಳ್ಕೊಳ್ಳೋ ಥಂಡಿ, ಮನೆ ಒಳಗೇ ನಾವು ಹುಟ್ಟಿಸೋ ಹಬೆ.

ಕಲೆ ಎಲ್ಲಿದೆ ಅನ್ನೋದೇ ಅರ್ಧ ಉತ್ತರ ಹೇಳತ್ತೆ. ನೆಲದಿಂದ ಎರಡು ಮೂರು ಅಡಿವರೆಗೂ ಉದ್ದಕ್ಕೆ ಒಂದೇ ಸಮ ಇದ್ರೆ ನೆಲದ ಥಂಡಿ, ಹಳೇ ಗ್ರೌಂಡ್ ಫ್ಲೋರ್ ಮನೆಗಳಲ್ಲಿ ಜಾಸ್ತಿ. ಸೀಲಿಂಗ್‌ನಲ್ಲಿ ರೌಂಡಾಗಿ ಹಳದಿ ಅಂಚಿನ ಕಲೆ ಇದ್ರೆ ಟೆರೇಸು ಇಲ್ಲಾ ಮೇಲಿನ ಮನೆಯವರ ಬಾತ್‌ರೂಮು. ಕಿಟಕಿ ಕೆಳಗೆ ಇದ್ರೆ ಸಜ್ಜಾ, ಕಿಟಕಿ ಅಂಚಿನ ಬಿರುಕು. ರೂಮಿನ ಮೂಲೆಗಳಲ್ಲಿ, ಬೀರು ಹಿಂದೆ, ಪರದೆ ಹಿಂದೆ ತೆಳ್ಳಗೆ ಚುಕ್ಕೆಚುಕ್ಕೆ ಇದ್ರೆ ಹೆಚ್ಚಾಗಿ ಅದು ಹಬೆ, ತಣ್ಣಗಿರೋ ಗೋಡೆಗೆ ಹಬೆ ತಾಗಿ ಬೆವರತ್ತಲ್ಲ ಅದು.

ಇನ್ನೂ ಡೌಟ್ ಇದ್ರೆ ಒಂದು ಸುಲಭದ ಟೆಸ್ಟ್ ಇದೆ. ಗೋಡೇನ ಒಣ ಬಟ್ಟೇಲಿ ಒರೆಸಿ, ಚಪಾತಿ ಸುತ್ತೋ ಅಲ್ಯುಮಿನಿಯಂ ಫಾಯಿಲ್ ಒಂದಡಿ ಚೌಕ ಕತ್ತರಿಸಿ ನಾಲ್ಕೂ ಕಡೆ ಟೇಪ್ ಹಾಕಿ ಗಾಳಿ ಹೋಗದಂಗೆ ಅಂಟಿಸಿ, ಎರಡು ದಿನ ಬಿಡಿ. ರೂಮಿನ ಕಡೆ ಮುಖದಲ್ಲಿ ನೀರಿನ ಹನಿ ಕೂತಿದ್ರೆ ಮನೆ ಒಳಗಿನ ಹಬೆ, ಬಿಚ್ಚಿದಾಗ ಗೋಡೆ ಕಡೆ ಒದ್ದೆ ಇದ್ರೆ ನೀರು ಗೋಡೆ ಒಳಗಿಂದ ಬರ್ತಿದೆ. ನಮ್ಮನೇಲಿ ಗೋಡೆ ಕಡೆ ಒದ್ದೆ ಇತ್ತು, ಆ ಗೋಡೆ ಆಚೆ ಕಡೆ ಬಾತ್‌ರೂಮು. ನಾಲ್ಕು ದಿನ ಆ ಬಾತ್‌ರೂಮು ಬೀಗ ಹಾಕಿದಂಗೆ ಬಿಟ್ವಿ, ಆದ್ರೂ ಥಂಡಿ ಕಮ್ಮಿ ಆಗ್ಲಿಲ್ಲ, ಅಂದ್ರೆ ಟೈಲ್ಸ್ ಸಂದಿಯಿಂದ ಇಳಿಯೋ ಸ್ನಾನದ ನೀರಲ್ಲ, ಯಾವಾಗ್ಲೂ ಪ್ರೆಷರ್ ಇರೋ ಪೈಪ್‌ದು ಅಂತ ಆಯ್ತು. ರಾತ್ರಿ ಎಲ್ಲಾ ನಲ್ಲಿ ಬಂದ್ ಮಾಡಿ, ಟ್ಯಾಂಕಿಗೆ ನೀರು ಬರೋದನ್ನೂ ನಿಲ್ಸಿ ಮಟ್ಟ ಗುರುತು ಹಾಕಿದ್ರೆ ಬೆಳಗ್ಗೆ ಕೆಳಗಿಳಿದಿತ್ತು. ಪ್ಲಂಬರ್ ಬಂದು ಟೈಲ್ಸ್ ಒಡೆದ್ರೆ ಶವರ್ ಹಿಂದಿನ ಕನ್ಸೀಲ್ಡ್ ಪೈಪ್ ಜಾಯಿಂಟ್ ಸೂಜಿ ಮೊನೆಯಷ್ಟು ಜಿನುಗ್ತಿತ್ತು, ಎಷ್ಟು ತಿಂಗಳಿಂದಾನೋ.

ಬಾಡಿಗೆ ಮನೆಯವರಿಗೆ ಒಂದು ಮಾತು. ಓನರ್ ಹತ್ರ "ಗೋಡೆ ಹಾಳಾಗಿದೆ" ಅಂದ್ರೆ ಪೇಂಟ್ ಹೊಡಿಸ್ತೀನಿ ಅಂತಾರೆ, ನಮ್ಮ ಓನರ್ ಅಂದಿದ್ದೂ ಅದೇ. ಫಾಯಿಲ್ ಫೋಟೋ, ಟ್ಯಾಂಕ್ ಗುರುತಿನ ಫೋಟೋ, ತಾರೀಕಿನ ಸಮೇತ ವಾಟ್ಸಾಪ್‌ನಲ್ಲಿ ಕಳ್ಸಿ, "ಲೀಕ್ ಹೀಗೇ ಬಿಟ್ರೆ ಕಂಬಿ ತುಕ್ಕು ಹಿಡಿಯತ್ತೆ ಅಂಕಲ್" ಅಂತ ಒಂದು ಲೈನ್ ಸೇರ್ಸಿ. ಮಗು ಕೆಮ್ಮಿಗಿಂತ ಕಂಬಿ ತುಕ್ಕು ಬೇಗ ಕೆಲಸ ಮಾಡಿಸ್ತು ಅಂತ ಬೇಜಾರಿನಿಂದ್ಲೇ ಹೇಳ್ತಿದೀನಿ. ಹೊಸ ಮನೆ ನೋಡೋಕೆ ಹೋಗೋರು ಮಳೆಗಾಲದಲ್ಲೇ ಹೋಗಿ, ಆಗಷ್ಟೇ ಹೊಡೆದ ಪೇಂಟಿನ ವಾಸನೆ ಒಂದೇ ಗೋಡೆಯಿಂದ ಬರ್ತಿದ್ರೆ ಆ ಗೋಡೆ ಮೇಲೆ ಕೈ ಇಟ್ಟು ನೋಡಿ.

ಮೂರ್ನೇದು, ಒಣಗ್ಸೋದು

ಲೀಕ್ ನಿಂತ ತಕ್ಷಣ ಪೇಂಟ್ ಹೊಡೀಬೇಡಿ, ದಯವಿಟ್ಟು. ಪ್ಲಾಸ್ಟರ್ ಒಳಗೆ ಕುಡಿದಿರೋ ನೀರು ಹೊರಗೆ ಬರೋಕೆ ವಾರಗಟ್ಲೆ ಬೇಕು, ಮಳೆಗಾಲ ಆದ್ರೆ ಇನ್ನೂ ಜಾಸ್ತಿ. ಅದೇ ಫಾಯಿಲ್ ಟೆಸ್ಟ್ ಮತ್ತೆ ಮಾಡಿ, ಎರಡು ದಿನ ಬಿಟ್ರೂ ಒಳಗಡೆ ಒಣಗಿದೆ ಅಂದ್ರೆ ಮಾತ್ರ ಪೇಂಟು. ಆಂಟಿಫಂಗಲ್ ಪ್ರೈಮರ್, ಡ್ಯಾಂಪ್‌ಪ್ರೂಫ್ ಪೇಂಟ್ ಇವೆಲ್ಲಾ ಒಣಗಿದ ಗೋಡೆಗೆ ಒಳ್ಳೇದೇ, ಒದ್ದೆ ಗೋಡೆಗೆ ಹೊಡೆದ್ರೆ ಆರೇ ತಿಂಗ್ಳಿಗೆ ಹಪ್ಪಳದ ತರ ಉಬ್ಬಿ ಉದುರತ್ತೆ. ಹಳೇ ಮನೆಗಳಲ್ಲಿ ವರ್ಷ ವರ್ಷ ಹಬ್ಬಕ್ಕೆ ಸುಣ್ಣ ಬಳೀತಿದ್ರಲ್ಲ, ಅದು ಬರೀ ಚಂದಕ್ಕಲ್ಲ, ಸುಣ್ಣದ ಕ್ಷಾರ ಬೂಷ್ಟಿಗೆ ಆಗಿಬರಲ್ಲ, ಮೇಲಿಂದ ಗೋಡೆ ಉಸಿರಾಡತ್ತೆ, ಒಳಗಿನ ಥಂಡಿ ಹೊರಗೆ ಹೋಗತ್ತೆ. ಈಗಿನ ಪ್ಲಾಸ್ಟಿಕ್ ಪೇಂಟು ಗೋಡೆಗೆ ರೈನ್‌ಕೋಟ್ ಹಾಕಿದಂಗೆ, ಒಳಗಡೆ ಬೆವರು ಒಳಗೇ. ಸ್ಟೋರ್ ರೂಮಿಗೆ, ಹಳೇ ಗಾರೆ ಗೋಡೆಗೆ ಇವತ್ತಿಗೂ ಸುಣ್ಣಾನೇ ಬೆಸ್ಟ್ ಅಂತ ನನ್ನ ಅಭಿಪ್ರಾಯ.

ನಾಲ್ಕನೇದು, ಈಗ ಒರೆಸಿ

ಸುಮಾರು 10 ಚದರ ಅಡಿ, ಅಂದ್ರೆ ಒಂದು ಬಾಗಿಲಿನ ಅರ್ಧದಷ್ಟು ಜಾಗದವರೆಗೂ ಮನೆಯವರೇ ಮಾಡ್ಬಹುದು, ಅದಕ್ಕಿಂತ ಜಾಸ್ತಿ ಇದ್ರೆ ಗೊತ್ತಿರೋ ಕೆಲಸದವರನ್ನ ಕರೀರಿ. ಅಸ್ತಮಾ ಇರೋರು, ಬಸುರಿ ಹೆಂಗಸ್ರು, ಮಕ್ಕಳು, ವಯಸ್ಸಾದವರು ಆ ಹೊತ್ತಲ್ಲಿ ರೂಮಲ್ಲಿ ಇರಬಾರದು. ಮನೆ ಕೆಲಸಕ್ಕೆ ಬರೋ ಆಂಟಿ ಕೈಗೆ ಪೊರಕೆ ಕೊಟ್ಟು "ಇದೊಂಚೂರು ಉಜ್ಜಿಬಿಡಿ" ಅನ್ನೋದಿದೆಯಲ್ಲ ಅದನ್ನಂತೂ ಮಾಡಲೇಬೇಡಿ, ಅವರಿಗೂ ಶ್ವಾಸಕೋಶ ಇದೆ.

ಎನ್95 ಮಾಸ್ಕ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಫ್ಯಾನ್ ಆಫ್, ರೂಮಿನ ಬಾಗಿಲು ಬಂದ್, ಕಿಟಕಿ ಓಪನ್. ಒಣ ಬೂಷ್ಟನ್ನ ಯಾವತ್ತೂ ಕೆರೆಯಬಾರ್ದು, ಪೊರಕೇಲಿ ಗುಡಿಸಬಾರ್ದು, ಕೆರೆದ್ರೆ ಲಕ್ಷಾಂತರ ಸ್ಪೋರ್ ಮನೆ ತುಂಬಾ ಹಾರತ್ತೆ, ಅದಕ್ಕೆ ಮೊದ್ಲು ಸ್ಪ್ರೇ ಬಾಟ್ಲಲ್ಲಿ ಸೋಪ್ ನೀರು ಹೊಡೆದು ಒದ್ದೆ ಮಾಡಿ, ಆಮೇಲೆ ಬಟ್ಟೆ ತೊಳೆಯೋ ಡಿಟರ್ಜೆಂಟ್ ನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿ, ಹಳೇ ಬಟ್ಟೇಲಿ ಒರೆಸಿ, ಆ ಬಟ್ಟೆ ಕವರಲ್ಲಿ ಕಟ್ಟಿ ಬಿಸಾಕಿ. ಎಲ್ಲಾ ಆದ್ಮೇಲೆ ಫ್ಯಾನ್ ಹಾಕಿ ಜೋರಾಗಿ ಒಣಗ್ಸಿ.

ಬ್ಲೀಚ್ ಬೇಕಾ ಅಂತ ಎಲ್ರೂ ಕೇಳ್ತಾರೆ. ಬಾತ್‌ರೂಮ್ ಟೈಲ್ಸ್ ಮೇಲೆ ಸರಿ, ಆದ್ರೆ ಗೋಡೆ ಪ್ಲಾಸ್ಟರ್ ಒಳಕ್ಕೆ ಅದು ಇಳಿಯಲ್ಲ, ಮೇಲಿನ ಬಣ್ಣ ಮಾತ್ರ ಬಿಳಿ ಮಾಡತ್ತೆ, ಹೋಯ್ತು ಅಂತ ನಾವು ಮೋಸ ಹೋಗ್ತೀವಿ. ಹುಷಾರಾಗಿರಬೇಕಾದ್ದು ಬೇರೆ ಇದೆ: ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ಕ್ಲೀನರ್ ಆಸಿಡ್ ಸೇರಿಸಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ, ಬಾಗಿಲು ಹಾಕಿದ ಬಾತ್‌ರೂಮಲ್ಲಿ ಪ್ರಾಣಕ್ಕೇ ಅಪಾಯ. ವಿನಿಗರ್ ಜೊತೆಗೂ ಬೇಡ, ಅಮೋನಿಯ ಇರೋ ಕ್ಲೀನರ್ ಜೊತೆಗೂ ಬೇಡ. ವಿನಿಗರ್ ಮತ್ತೆ ಅಡುಗೆ ಸೋಡಾ ಸೇರಿಸಿ ನೊರೆ ಬರ್ಸೋ ವಿಡಿಯೋ ನೋಡಿರ್ತೀರ, ಒಂದು ಆಸಿಡ್ ಒಂದು ಕ್ಷಾರ, ಎರಡೂ ಹೊಡೆದಾಡ್ಕೊಂಡು ಕೊನೆಗೆ ಉಳಿಯೋದು ಉಪ್ಪುನೀರು, ನೊರೆ ನೋಡೋಕೆ ಚಂದ ಅಷ್ಟೆ.

ಸಾಮಾನು ವಿಷ್ಯ. ಗಾಜು, ಸ್ಟೀಲು, ಪ್ಲಾಸ್ಟಿಕ್ ತೊಳೆದ್ರೆ ಆಯ್ತು. ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ರೇಷ್ಮೆ ಸೀರೆ ಹೊರಗೆ ತಗೊಂಡ್ಹೋಗಿ ಮೆತ್ತನೆ ಬ್ರಷ್‌ನಲ್ಲಿ ಝಾಡಿಸಿ, ನೆರಳಲ್ಲಿ ಗಾಳಿಗೆ ಹಾಕಿ, ಡ್ರೈ ಕ್ಲೀನ್‌ಗೆ ಕೊಡಿ, ವಾಪಸ್ ಬಂದ್ಮೇಲೆ ಪ್ಲಾಸ್ಟಿಕ್ ಕವರಲ್ಲಿ ಇಡಬೇಡಿ, ಹಳೇ ಕಾಟನ್ ಪಂಚೇಲಿ ಸುತ್ತಿಡಿ. ಫೋಮ್ ಹಾಸಿಗೆ, ದಿಂಬು, ಊದಿಕೊಂಡ ಪ್ಲೈವುಡ್, ಜಿಪ್ಸಂ ಸೀಲಿಂಗ್, ಇವುಗಳ ಒಳಗೆ ಇಳಿದಿದ್ರೆ ಹೊಟ್ಟೆ ಉರಿದ್ರೂ ಎಸೀಬೇಕು. ನಾವು ವಾರ್ಡ್‌ರೋಬ್‌ನ ಹಿಂದಿನ ಹಲಗೆ ಬಿಚ್ಚಿ ಎಸೆದ್ವಿ. ಹೊಸ ಹಲಗೆ ಹಾಕಿದ್ಮೇಲೆ ಗೋಡೆಯಿಂದ ನಾಲ್ಕು ಇಂಚು ದೂರ ಇಟ್ಟಿದೀವಿ, ಅಲ್ಲಿ ಗಾಳಿ ಆಡ್ಬೇಕು.

ಐದನೇದು, ಗಾಳೀಲಿರೋ ನೀರು

ಲೀಕ್ ಇಲ್ಲ, ಆದ್ರೂ ಬೂಷ್ಟು ಬರತ್ತೆ ಅನ್ನೋ ಮನೆಗಳಿಗೆ ಇದು. ಒಂದು ಡಿಜಿಟಲ್ ಹೈಗ್ರೋಮೀಟರ್ ತಗೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗತ್ತೆ, ಗಾಳೀಲಿ ತೇವ ಎಷ್ಟು ಪರ್ಸೆಂಟ್ ಅಂತ ತೋರಿಸತ್ತೆ. 60ರ ಕೆಳಗಿರಬೇಕು, 50ರ ಆಸುಪಾಸು ಇದ್ರೆ ಇನ್ನೂ ಒಳ್ಳೇದು.

ನಾವೇ ಎಷ್ಟು ನೀರು ಗಾಳಿಗೆ ಬಿಡ್ತೀವಿ ಅಂತ ಲೆಕ್ಕ ಹಾಕಿದ್ರೆ ಆಶ್ಚರ್ಯ ಆಗತ್ತೆ. ಒಂದು ಲೋಡ್ ಬಟ್ಟೆ ರೂಮೊಳಗೆ ಒಣಗಿಸಿದ್ರೆ ಸುಮಾರು ಎರಡು ಲೀಟರ್ ನೀರು ಅದೇ ರೂಮಿನ ಗಾಳಿಗೆ. ಗ್ಯಾಸ್ ಒಲೆ ಉರಿಯೋದ್ರಿಂದ್ಲೂ ನೀರಾವಿ ಬರತ್ತೆ, ಒಂದು ಕೆಜಿ ಎಲ್‌ಪಿಜಿ ಉರಿದ್ರೆ ಒಂದೂವರೆ ಲೀಟರ್ ಹತ್ತಿರ. ಸ್ನಾನದ ಹಬೆ, ಅನ್ನ ಬಸಿಯೋ ಹಬೆ, ಅಕ್ವೇರಿಯಂ, ಒಳಗಿಟ್ಟ ಗಿಡಗಳು, ನಮ್ಮ ಉಸಿರು ಬೇರೆ. ಅದಕ್ಕೆ ಬಾತ್‌ರೂಮ್ ಎಕ್ಸಾಸ್ಟ್ ಸ್ನಾನ ಆದ್ಮೇಲೂ ಅರ್ಧ ಗಂಟೆ ಓಡ್ಲಿ, ಬಾತ್‌ರೂಮ್ ಬಾಗಿಲು ರೂಮಿನ ಕಡೆ ತೆರೆದಿಡಬೇಡಿ, ಸ್ನಾನ ಆದ ಕೂಡ್ಲೇ ವೈಪರ್‌ನಲ್ಲಿ ಗೋಡೆ ನೆಲ ಎರಡೂ ಎಳೆದುಬಿಡಿ.

ಕಿಟಕಿ ತೆಗೀರಿ ಅಂತ ಎಲ್ಲರೂ ಹೇಳ್ತಾರೆ, ಅದು ಊರಿನ ಮೇಲೆ ಹೋಗತ್ತೆ. ಬೆಂಗಳೂರಲ್ಲಿ ಮಳೆಗಾಲದಲ್ಲೂ ಮಧ್ಯಾಹ್ನ ಗಾಳಿ ಸ್ವಲ್ಪ ಒಣಗಿರತ್ತೆ, ಹನ್ನೆರಡರಿಂದ ನಾಲ್ಕು ಗಂಟೆವರೆಗೂ ಎದುರುಬದುರು ಕಿಟಕಿ ತೆಗೆದಿಟ್ರೆ ಮೀಟರ್ ಇಳಿಯೋದು ಕಣ್ಣಿಗೇ ಕಾಣತ್ತೆ. ಆದ್ರೆ ಅಮ್ಮನ ಮನೆ ಕಡೆ, ಆಗುಂಬೆ ಅಲ್ಲೇ ಪಕ್ಕ, ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಜಾಗ, ಜುಲೈನಲ್ಲಿ ಹೊರಗಿನ ಗಾಳಿಯೇ ನೀರು, ಕಿಟಕಿ ತೆಗೆದ್ರೆ ಮೋಡ ಒಳಗೆ ಬರತ್ತೆ. ಕರಾವಳಿ, ಕೊಡಗಿನ ಕಥೇನೂ ಅದೇ. ಅಲ್ಲಿ ಬೇಕಾಗಿರೋದು ಬಿಸಿ. ಹಿಂದೆ ಅಡುಗೆ ಒಲೆ, ಬಚ್ಚಲ ಒಲೆ ಮಳೆಗಾಲವಿಡೀ ಆರ್ತಿರ್ಲಿಲ್ಲ, ಹಂಚಿನ ಸಂದೀಲಿ ಗಾಳಿ ಆಡ್ತಿತ್ತು, ಹೊಗೆ ಅಟ್ಟದಲ್ಲಿ ಅಡಿಕೆ, ಕಂಬಳಿ, ಬಟ್ಟೆ ಎಲ್ಲಾ ಒಣಗ್ತಿತ್ತು. ಈಗ ಒಲೆ ಹೋಗಿ ಗೀಸರ್ ಬಂತು, ಹಂಚು ಹೋಗಿ ಆರ್‌ಸಿಸಿ ಬಂತು, ಕಿಟಕಿಗೆ ಗಾಜು ಬಿಗಿ ಆಯ್ತು, "ಹೊಸ ಮನೇಲೇ ಬೂಷ್ಟು ಜಾಸ್ತಿ" ಅಂತ ಅಮ್ಮ ಗೊಣಗೋದು ಸುಮ್ನೆ ಅಲ್ಲ. ಹಾಗಂತ ಒಲೆ ಹೊಗೆ ಒಳ್ಳೇದಿತ್ತು ಅಂತಲ್ಲ, ನಮ್ಮಜ್ಜಿ ಆ ಹೊಗೇಲೇ ಕೆಮ್ಮಿ ಕೆಮ್ಮಿ ಹೋದ್ರು.

ಅಂಥ ಕಡೆ ಕಂಪ್ರೆಸರ್ ಇರೋ ಡಿಹ್ಯುಮಿಡಿಫೈಯರ್, ಅಂದ್ರೆ ಗಾಳೀಲಿರೋ ನೀರು ಎಳೆಯೋ ಮೆಷಿನ್, ನಿಜವಾಗ್ಲೂ ಕೆಲಸ ಮಾಡತ್ತೆ, ದಿನಕ್ಕೆ ಹತ್ತು ಹನ್ನೆರಡು ಲೀಟರ್ ಎಳೆಯೋ ಕೆಪ್ಯಾಸಿಟಿದು ತಗೊಳ್ಳಿ, ದುಬಾರಿ ಹೌದು. ಆನ್‌ಲೈನ್‌ನಲ್ಲಿ ಸಿಗೋ ಪುಟಾಣಿ ಡಬ್ಬದಂಥದ್ದು ಒಂದು ಕಪಾಟಿಗೆ ಸಾಕಾಗಬಹುದು, ರೂಮಿಗೆ ದಂಡ. ಎಸಿ ಇರೋರು ಡ್ರೈ ಮೋಡ್ ಹಾಕಿ. ಕಪಾಟಿಗೆ ತೇವ ಹೀರೋ ಕ್ಯಾಲ್ಸಿಯಂ ಕ್ಲೋರೈಡ್ ಪ್ಯಾಕೆಟ್ ನೇತುಹಾಕ್ಬಹುದು, ನೀರು ತುಂಬಿದ್ಮೇಲೆ ಅದು ಸೋರಿ ಸೀರೆ ಮೇಲೆ ಬೀಳದಂಗೆ ನೋಡ್ಕೊಳ್ಳಿ. ಕೆಲವರು ಕಪಾಟಲ್ಲಿ ಹಳೇ ಕಾಲದ ಬಿಸಿಯಾಗೋ ಬಲ್ಬ್ ಉರಿಸ್ತಾರೆ, ಕೆಲಸ ಮಾಡತ್ತೆ, ಆದ್ರೆ ಬಟ್ಟೆ ತಾಗಿ ಬೆಂಕಿ ಹತ್ತೋ ರಿಸ್ಕ್ ಇದೆ, ನಾನು ಬೇಡ ಅಂತೀನಿ. ನುಸಿಗುಳಿಗೆ, ಕರ್ಪೂರ ಬೂಷ್ಟು ತಡೆಯಲ್ಲ, ನುಸಿಗುಳಿಗೆಯ ನ್ಯಾಫ್ತಲೀನ್ ಎಳೆ ಮಕ್ಕಳಿಗೆ ಒಳ್ಳೇದೂ ಅಲ್ಲ.

ಆರೋಗ್ಯದ ವಿಷ್ಯ

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮನೆ ಥಂಡಿ ಮತ್ತೆ ಬೂಷ್ಟಿನ ಬಗ್ಗೆ ಒಂದು ಗೈಡ್‌ಲೈನ್ ಹೊರಡಿಸಿದೆ, ಥಂಡಿ ಮನೇಲಿರೋರಿಗೆ ಉಸಿರಾಟದ ತೊಂದರೆ, ಇನ್‌ಫೆಕ್ಷನ್, ಅಸ್ತಮಾ ಕೆರಳೋದು ಜಾಸ್ತಿ ಅಂತ. ಎಲ್ಲರಿಗೂ ಒಂದೇ ತರ ಆಗಲ್ಲ. ನಮ್ಮನೇಲೇ ಮೂರು ಜನ ಅದೇ ರೂಮಲ್ಲಿ ಮಲಗ್ತಿದ್ವಿ, ನಂಗೆ ಬೆಳಗ್ಗೆ ಹತ್ತು ಸೀನು, ಮಗಳಿಗೆ ಕೆಮ್ಮು, ನಮ್ಮೆಜಮಾನ್ರಿಗೆ ಏನೂ ಇಲ್ಲ, ಅದಕ್ಕೇ ಅವರು ನಂಬಿರ್ಲಿಲ್ಲ. ಮೂಗು ಕಟ್ಟೋದು, ಕಣ್ಣು ತುರಿಕೆ, ಗಂಟಲು ಕೆರೆತ, ಎದೇಲಿ ಸುಂಯ್ ಅನ್ನೋ ಶಬ್ದ, ಇವು ಮಾಮೂಲಿ ಲಕ್ಷಣ.

ಅಸ್ತಮಾ ಇರೋರಲ್ಲಿ ಕೆಲವರಿಗೆ ಆಸ್ಪರ್ಜಿಲಸ್‌ಗೆ ಶ್ವಾಸಕೋಶದ ಒಳಗೇ ಅಲರ್ಜಿ ಆಗತ್ತೆ, ಎಬಿಪಿಎ ಅಂತಾರೆ ಡಾಕ್ಟ್ರು, ಇನ್ಹೇಲರ್ ಸರಿಯಾಗಿ ತಗೊಂಡ್ರೂ ಅಸ್ತಮಾ ಹತೋಟಿಗೆ ಬರದೇ ಇದ್ರೆ, ಕಂದು ಬಣ್ಣದ ಗಟ್ಟಿ ಕಫ ಬರ್ತಿದ್ರೆ ಅದನ್ನ ಕೇಳಿ, ಅಲರ್ಜಿ ನೋಡೋಕೆ ರಕ್ತದ ಐಜಿಇ ಟೆಸ್ಟ್ ಮಾಡ್ತಾರೆ. ಕ್ಯಾನ್ಸರ್ ಕೀಮೋ ತಗೊಳ್ತಿರೋರು, ಕಿಡ್ನಿ ಕಸಿ ಆದವರು, ತುಂಬಾ ದಿನದಿಂದ ಸ್ಟೀರಾಯ್ಡ್ ಮಾತ್ರೆ ಮೇಲಿರೋರು ಬೂಷ್ಟಿರೋ ರೂಮಲ್ಲಿ ಮಲಗಲೇಬಾರದು, ಅವರಿಗೆ ಅಲರ್ಜಿ ಅಲ್ಲ, ಇನ್‌ಫೆಕ್ಷನ್ನೇ ಆಗಬಹುದು. 2021ರ ಬ್ಲ್ಯಾಕ್ ಫಂಗಸ್ ನೆನಪಾಗಿ ಗೋಡೆ ಕಪ್ಪು ನೋಡಿ ಗಾಬರಿಯಾಗೋರಿದಾರೆ, ಅದು ಮ್ಯುಕೋರ್ಮೈಕೋಸಿಸ್, ಬೇರೆ ಜಾತಿ, ಆಗ ಕೋವಿಡ್ ಜೊತೆಗೆ ಹತೋಟಿ ಇಲ್ಲದ ಶುಗರ್, ಸ್ಟೀರಾಯ್ಡ್ ಸೇರಿ ಬಂದಿದ್ದು. ಗೋಡೆ ಕಪ್ಪಾದ್ರೆ ಆ ರೋಗ ಬರತ್ತೆ ಅಂತಲ್ಲ.

ಬೂಷ್ಟಿಂದಾನೇ ಹೌದಾ ಅಂತ ತಿಳಿಯೋಕೆ ಒಂದು ಡೈರಿ ಇಡಿ: ಎಷ್ಟೊತ್ತಿಗೆ ಕೆಮ್ಮು, ಯಾವ ರೂಮಲ್ಲಿ, ಅಜ್ಜಿ ಮನೆಗೆ ಹೋದಾಗ ಕಮ್ಮಿ ಆಯ್ತಾ, ವಾಪಸ್ ಬಂದಾಗ ಜಾಸ್ತಿ ಆಯ್ತಾ. ಡಾಕ್ಟರ್ ಹತ್ರ "ಮನೇಲಿ ಗೋಡೆ ಥಂಡಿ ಇದೆ, ಬೂಷ್ಟಿದೆ" ಅಂತ ನೀವಾಗೇ ಹೇಳಿ, ಫೋಟೋ ತೋರಿಸಿ, ಅವರು ಕೇಳಲ್ಲ, ನಾವೂ ಹೇಳಲ್ಲ, ಮೂರು ಸಿರಪ್ ಹೀಗೇ ಖಾಲಿ ಆಗಿದ್ದು. ಬಾಲ್ಕನೀಲಿ ಪಾರಿವಾಳ ಇದ್ರೆ ಅದನ್ನೂ ಹೇಳಿ. ಮತ್ತೆ ಆ ವೇಪರೈಸರ್! ಬೂಷ್ಟಿರೋ ರೂಮಲ್ಲಿ ರಾತ್ರಿಯಿಡೀ ಹಬೆ ಬಿಡೋದು ಅಂದ್ರೆ ಬೂಷ್ಟಿಗೆ ಹಾಲೆರೆದಂಗೆ, ನಾನು ಅದನ್ನೇ ಒಂದು ತಿಂಗಳು ಮಾಡಿದೀನಿ.

ಎಲ್ಲಾನೂ ಬೂಷ್ಟಿನ ತಲೆಗೆ ಕಟ್ಟಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಟೆಸ್ಟ್ ಮಾಡಿಸ್ಲೇಬೇಕು, ಸರ್ಕಾರಿ ಆಸ್ಪತ್ರೇಲಿ ಫ್ರೀ. ಮಗು ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗ್ತಿದ್ರೆ, ತುಟಿ ನೀಲಿ ಆಗ್ತಿದ್ರೆ, ಮಾತಾಡೋಕೂ ಉಸಿರು ಸಾಲದೇ ಇದ್ರೆ ಗೋಡೆ ಫಾಯಿಲ್ ಎಲ್ಲಾ ಬಿಟ್ಟು ಆ ಕ್ಷಣ ಆಸ್ಪತ್ರೆಗೆ ಹೋಗಿ.

ಅಡುಗೆ ಮನೆ ಬೂಷ್ಟು

ಗೋಡೆ ಬೂಷ್ಟು ಮೂಗಿಗೆ, ಇದು ಹೊಟ್ಟೆಗೆ. ಕಡಲೆಕಾಯಿ, ಮೆಕ್ಕೆಜೋಳ, ಒಣಮೆಣಸಿನಕಾಯಿ, ಕೊಬ್ಬರಿ ಇವುಗಳ ಮೇಲೆ ಬೆಳೆಯೋ ಒಂದು ಆಸ್ಪರ್ಜಿಲಸ್ ಅಫ್ಲಾಟಾಕ್ಸಿನ್ ಅನ್ನೋ ವಿಷ ಮಾಡತ್ತೆ, ಲಿವರ್ ಕ್ಯಾನ್ಸರ್‌ಗೆ ಕಾರಣ ಅಂತ ಖಾತ್ರಿಯಾಗಿರೋದು. 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ಸತ್ತಿದ್ರು. ಹುರಿದ್ರೆ ಬೇಯಿಸಿದ್ರೆ ಆ ವಿಷ ಪೂರ್ತಿ ಹೋಗಲ್ಲ, ತೊಳೆದು ಒಣಗಿಸಿದ್ರೂ ಅಷ್ಟೆ. ಬ್ರೆಡ್ಡು, ಚಪಾತಿ, ಚಟ್ನಿಪುಡಿ, ಕಾಳು, ಒಂದು ಕಡೆ ಕಂಡ್ರೂ ಪೂರ್ತಿ ಎಸೀರಿ, ಕಣ್ಣಿಗೆ ಕಾಣೋದು ಮೇಲಿನ ಕೂದಲು ಮಾತ್ರ, ಬೇರು ಒಳಗಿರತ್ತೆ. ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕೋರ ಕೈಗೆ ಒಂದೇಟು ಕೊಡಿ.

ಈ ವಿಷ್ಯದಲ್ಲಿ ಮಾತ್ರ ಅಮ್ಮನಿಗೂ ನಂಗೂ ಆಗಿಬರಲ್ಲ. ಊರಿಂದ ತಂದ ಕೊಬ್ಬರಿ ಗಿಟುಕಲ್ಲಿ ಹಸಿರು ಬಂದಿತ್ತು, "ಕೆರೆದು ಒರೆಸಿದ್ರೆ ಆಯ್ತಲ್ಲೇ, ನಾವೆಲ್ಲಾ ತಿಂದಿಲ್ವಾ" ಅಂದ್ರು. ನಾನು ಅವರೆದುರಿಗೇ ಆರೂ ಗಿಟುಕು ಕಸದ ಬುಟ್ಟಿಗೆ ಹಾಕ್ದೆ. ಎರಡು ದಿನ ಮಾತಾಡ್ಲಿಲ್ಲ, ಮೂರನೇ ದಿನ ಹೈಗ್ರೋಮೀಟರ್ ನೋಡಿ "ಇವತ್ತು ಐವತ್ತೆಂಟು ಬಂದಿದೆ ಕಣೇ, ಕಿಟಕಿ ಹಾಕ್ಲಾ?" ಅಂದ್ರು.